ಸಿಕ್ಕಾಗ, ಬಿಟ್ಟಾಗ

ಟಪ್ ಎಂದಿತು. ಮಾತ್ರೆಯ ಪಟ್ಟಿಯ ಬೆಳ್ಳಿಹಾಳೆ ಒಡೆದ ಸದ್ದು, ಅಷ್ಟೇ. ಬೇರೆ ದಿನವಾಗಿದ್ದರೆ ಅವಳ ಕಿವಿಗೇ ಬೀಳದಷ್ಟು ಸಣ್ಣದು. ಮನೆ ತುಂಬ ಜನರಿದ್ದೂ ಯಾರೂ ಉಸಿರೆತ್ತದ ಆ ನಡುರಾತ್ರಿಯಲ್ಲಿ ಮಾತ್ರ ಯಾರೋ ಬೆರಳು ಮುರಿದಂತೆ ಕೇಳಿಸಿತು. ಸೊಸೆ ಮಾತ್ರೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅಡುಗೆಮನೆಯ ಕತ್ತಲಲ್ಲಿ ನಿಂತಲ್ಲೇ ನಿಂತಳು.

ಗೋಡೆಯಾಚೆ, ಹಜಾರದಲ್ಲಿ, ಮಾವನನ್ನು ಮಲಗಿಸಿದ್ದರು. ಸಂಜೆ ಟೀ ಕೊಡಲು ಹೋದಾಗ ಮನೆಯ ಹಿಂಬದಿಯ ತಕ್ಕಡಿ ರಿಪೇರಿಯ ಕಾರ್ಖಾನೆ ಕೋಣೆಯ ಕುರ್ಚಿಯಲ್ಲಿ ತಲೆ ಒಂದು ಬದಿಗೆ ವಾಲಿಸಿ ಕೂತಿದ್ದರು. ನಿದ್ದೆಯೆಂದುಕೊಂಡು ಲೋಟ ಪಕ್ಕಕ್ಕಿಟ್ಟು ಬಂದಿದ್ದಳು. ಅರ್ಧ ಗಂಟೆಯ ಮೇಲೆ ಲೋಟ ತರಲು ಹೋದರೆ ಟೀ ಹಾಗೇ ಇತ್ತು. ಕೆನೆ ಕಟ್ಟಿತ್ತು.

"ಯಾರದು? ಏನದು ಟಪ್ ಅಂದಿದ್ದು?"

ಅತ್ತೆಯ ತಂಗಿ. ಇವರ ಕಿವಿಗೆ ಬಿದ್ದದ್ದು ಬೆಳಗಾಗುವಷ್ಟರಲ್ಲಿ ನಾಲ್ಕು ಬೀದಿಗೆ ಮುಟ್ಟುತ್ತಿದ್ದುದರಿಂದ ಮನೆಯವರೆಲ್ಲ ರೇಡಿಯೋ ಚಿಕ್ಕಮ್ಮ ಎನ್ನುತ್ತಿದ್ದರು, ಎದುರಿಗೇ.

"ನಾನೇ ಚಿಕ್ಕಮ್ಮ. ತಲೆನೋವು. ಒಂದು ಮಾತ್ರೆ..."

"ನನಗೂ ಒಂದು ಕೊಡೆ. ಅತ್ತೂ ಅತ್ತೂ ಹಣೆ ಸಿಡೀತಿದೆ."

"ಇದೊಂದೇ ಇದ್ದಿದ್ದು."

"ಅರ್ಧ ಮಾಡು ಮತ್ತೆ. ಸಾವಿನ ಮನೇಲಿ ಹಂಚಿಕೊಂಡು ತಿನ್ನಬೇಕು."

ಚಿಕ್ಕಮ್ಮ ಎದ್ದು ಕೂತ ಸದ್ದು, ಬಳೆಗಳ ಸದ್ದು, ನೆಲಕ್ಕೆ ಕೈಯೂರಿದ ಸದ್ದು. ಅವಳು ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ನೀರಿಲ್ಲದೆ ನುಂಗಿದಳು. ಅದು ಗಂಟಲಲ್ಲಿ ಅಡ್ಡ ನಿಂತಿತು.

"ನುಂಗಿಬಿಟ್ಟೆ ಚಿಕ್ಕಮ್ಮ."

"ಅಯ್ಯೋ, ನಿನ್ನ ತಲೆಗೆ ಇಷ್ಟು ಅವಸರವಾ?" ಎಂದು ಚಿಕ್ಕಮ್ಮ ಮತ್ತೆ ಉರುಳಿಕೊಂಡರು.

ಖಾಲಿ ಪಟ್ಟಿಯನ್ನು ಅವಳು ಗುಂಡಿಗಳ ಡಬ್ಬಿಯ ತಳಕ್ಕೆ ಸೇರಿಸಿ, ಮೇಲೆ ಹಳೆಯ ಅಂಗಿಗಳ ಗುಂಡಿಗಳನ್ನು ಒಂದೊಂದಾಗಿ ಮುಚ್ಚಿದಳು. ಮದುವೆಯಾದ ಮೂರು ವರ್ಷದಿಂದ ದಿನಾ ರಾತ್ರಿ ಹತ್ತಕ್ಕೆ ಇದೇ ಕೆಲಸ. ಇವತ್ತು ಎರಡು ಗಂಟೆ ತಡವಾಗಿತ್ತು. ಮಾತ್ರೆ ತಡವಾಗಬಾರದು, ನಿದ್ದೆ ಕೆಡಬಾರದು, ಎರಡೂ ಒಟ್ಟಿಗಂತೂ ಆಗಲೇಬಾರದು ಎಂದಿದ್ದರು ಡಾಕ್ಟರು. ನಾಳೆ ಮನೆ ತುಂಬ ಜನ. ಅವರ ನಡುವೆ, ಹೆಣದ ಪಕ್ಕದಲ್ಲಿ, ತಾನು ಕಣ್ಣು ಮೇಲಾಗಿ ಬಿದ್ದರೆ? ಬಾಯಲ್ಲಿ ನೊರೆ ಬಂದರೆ? ಅದನ್ನು ತಿಳಿದಿದ್ದವರು ಈ ಮನೆಯಲ್ಲಿ ಒಬ್ಬರೇ. ಅವರನ್ನು ಹಜಾರದಲ್ಲಿ ಮಲಗಿಸಿತ್ತು.

* * *

ಏಳು ತಿಂಗಳ ಹಿಂದೆ, ಒಂದು ಭಾನುವಾರ, ಮಾವ ಊಟದ ಮೇಜಿನ ಮೇಲೆ ಆರೋಗ್ಯ ವಿಮೆಯ ಅರ್ಜಿ ಹರಡಿಕೊಂಡು ಎಲ್ಲರನ್ನೂ ಕರೆದು ಕೂರಿಸಿದ್ದರು. ಇಡೀ ಮನೆಗೆ ಸೇರಿ ಒಂದೇ ಪಾಲಿಸಿ, ಅವರ ಹೆಸರಿನಲ್ಲಿ. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು.

ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡಿ ಸರಿಪಡಿಸುವುದು ಅವರ ಕಸುಬು. ಊರೆಲ್ಲ ಅವರಿಗೆ ತಕ್ಕಡಿ ಮೇಷ್ಟ್ರು ಎನ್ನುತ್ತಿತ್ತು. ಅರ್ಜಿಯನ್ನೂ ಹಾಗೇ ಕೈಗೆತ್ತಿಕೊಂಡರು: ಪ್ರಶ್ನೆಯನ್ನು ಗಟ್ಟಿಯಾಗಿ ಓದುವುದು, ಒಬ್ಬೊಬ್ಬರ ಉತ್ತರ ಕೇಳುವುದು, ಬರೆಯುವುದು, ಬರೆದದ್ದನ್ನು ಮತ್ತೆ ಓದಿ ಹೇಳುವುದು.

"ಪ್ರಶ್ನೆ ಆರು. ಸಕ್ಕರೆ ಕಾಯಿಲೆ?"

"ನನ್ನ ಬಾಯಲ್ಲಿ ಒಂದು ಚೂರೂ ಸಕ್ಕರೆ ಇಲ್ಲ ಅಂತ ನೀವೇ ದಿನಾ ಹೇಳ್ತೀರಲ್ಲ. ಇಲ್ಲ ಅಂತ ಬರ್ಕೊಳ್ಳಿ" ಎಂದರು ಅತ್ತೆ.

"ಪ್ರಶ್ನೆ ಏಳು. ರಕ್ತದೊತ್ತಡ?"

"ಸ್ವಲ್ಪ."

"ಸ್ವಲ್ಪ ಅನ್ನೋ ಖಾನೆ ಇಲ್ಲ ಇಲ್ಲಿ."

"ಹಾಗಾದ್ರೆ ಹೌದು. ಅದಕ್ಕೂ ಕಾರಣ ನೀವೇ ಅಂತ ಪಕ್ಕದಲ್ಲಿ ಬರೀರಿ."

ಗಂಡ ನಗುತ್ತಿದ್ದ. ಅವಳೂ ನಗುತ್ತಿದ್ದಳು, ಕಣ್ಣು ಮಾತ್ರ ಅರ್ಜಿಯ ಮೇಲೆ ತಲೆಕೆಳಗಾಗಿ ಓಡುತ್ತ, ಮುಂದಿನ ಸಾಲುಗಳನ್ನು ಹುಡುಕುತ್ತಿತ್ತು.

"ಪ್ರಶ್ನೆ ಒಂಬತ್ತು. ಮೂರ್ಛೆ, ಫಿಟ್ಸ್, ಪ್ರಜ್ಞೆ ತಪ್ಪೋದು, ಯಾವಾಗಲಾದರೂ?"

ಅತ್ತೆ ಇಲ್ಲ ಎಂದರು. ಗಂಡ, "ಕರೆಂಟ್ ಬಿಲ್ ನೋಡಿದಾಗ" ಎಂದು, ಅಪ್ಪ ಕನ್ನಡಕದ ಮೇಲಿಂದ ನೋಡಿದ ಮೇಲೆ ಇಲ್ಲ ಎಂದ. ಪೆನ್ನು ಅವಳ ಖಾನೆಯ ಮೇಲೆ ಬಂದು ನಿಂತಿತು. ಹನ್ನೊಂದನೇ ವಯಸ್ಸಿನಲ್ಲಿ ಶಾಲೆಯ ಮೆಟ್ಟಿಲ ಮೇಲೆ ಬಿದ್ದದ್ದು, ಕಾಲೇಜಿನ ಪರೀಕ್ಷೆಯ ಹಾಲಿನಲ್ಲಿ ಬಿದ್ದದ್ದು, "ಮದುವೆ ಆದ್ಮೇಲೆ ನೀನೇ ಹೊತ್ತು ನೋಡಿ ಹೇಳು ಮಗಳೇ" ಎಂದು ಅಮ್ಮ ಕೈಹಿಡಿದು ಹೇಳಿದ್ದು. ಹೊತ್ತು ನೋಡುತ್ತಲೇ ಇದ್ದಳು. ಮೂವರೂ ನಗುಮುಖದಿಂದ ಅವಳತ್ತ ತಿರುಗಿದ್ದರು.

"ಇಲ್ಲ" ಎಂದಳು.

ಮಾವ ದುಂಡಗೆ ಬರೆದರು. ಮತ್ತೆ ಓದಿ ಹೇಳಿದರು: "ಸೊಸೆ, ಇಲ್ಲ."

* * *

ಬೆಳಿಗ್ಗೆ ಹತ್ತರ ಹೊತ್ತಿಗೆ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಣ ಒಯ್ಯುವ ಗಾಡಿ ನಾಲ್ಕು ಗಂಟೆಗೆ ಬರುವುದೆಂದಾಗಿತ್ತು. ಅವಳು ಕಣ್ಣೆವೆ ಮುಚ್ಚಿರಲಿಲ್ಲ. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು ಎಡಗೈ ಹೆಬ್ಬೆರಳನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಮೊದಲು ಅದುರುವುದು ಅದೇ.

ಕುರ್ಚಿಗಳ ಸಾಲಿನಲ್ಲಿ ಚಿನ್ನದಂಗಡಿಯ ಯಜಮಾನರು ಪಕ್ಕದ ತರಕಾರಿ ಅಂಗಡಿಯವನಿಗೆ ಹೇಳುತ್ತಿದ್ದರು:

"ಇಪ್ಪತ್ತು ವರ್ಷದ ಹಿಂದಿನ ಮಾತು. ನನ್ನ ತಕ್ಕಡಿ ಒಂದು ಚೂರು ನನ್ನ ಕಡೆಗೇ ಎಳೀತಿತ್ತು. ಹಾಗೇ ಇರಲಿ ಬಿಡಿ ಮೇಷ್ಟ್ರೇ, ನಿಮಗೊಂದು ಉಂಗುರ ಮಾಡಿಸ್ತೀನಿ ಅಂದೆ."

"ಏನಂದ್ರು?"

"ಮಾಡಿಸಿ, ಆದ್ರೆ ಯಾವ ತಕ್ಕಡೀಲಿ ತೂಗಿ ಕೊಡ್ತೀರಿ ಅಂದ್ರು."

ಸುತ್ತಲಿನವರು ನಕ್ಕು, ಹೆಣದ ಕಡೆ ನೋಡಿ, ನಗು ಒರೆಸಿಕೊಂಡರು.

"ಆದ್ರೆ ಗಿರಾಕಿ ಎದುರಿಗೆ ಯಾವತ್ತೂ ಮರ್ಯಾದೆ ತೆಗೀಲಿಲ್ಲ ಕಣ್ರಿ" ಎಂದ ತರಕಾರಿಯವನು. "ಮೊದಲು ಶಟರ್ ಎಳೀರಿ ಅನ್ನೋರು. ಆಮೇಲೆ ತಕ್ಕಡಿ ಮುಟ್ಟೋರು."

"ಒಂದು ಸುಳ್ಳು ಅಂಕಿ ಬರೆದ ಕೈಯಲ್ಲ ಅದು."

ಅವಳ ಗಂಡ ಅಪ್ಪನ ಆ ಕೈಯನ್ನೇ ಹಿಡಿದು ಕೂತಿದ್ದ. ಈ ಮಾತಿಗೆ ತಲೆಯೆತ್ತಿ, ಒಂದು ಸಲ ತಲೆಯಾಡಿಸಿದ. ರಾತ್ರಿಯಿಂದ ಅವನ ಮುಖದಲ್ಲಿ ಅವಳು ಕಂಡ ಮೊದಲ ನೆಮ್ಮದಿ ಅದು.

ಆಗಲೇ ಒಳಗೆ ಬಂದವರು ವಿಮೆಯ ಏಜೆಂಟರು. ಚರ್ಮದ ಚೀಲವನ್ನು ಎದೆಗವಚಿಕೊಂಡು ಹೆಣದ ಮುಂದೆ ಒಂದು ನಿಮಿಷ ನಿಂತು, ಅತ್ತೆಗೆ ಕೈಮುಗಿದು, ನೇರವಾಗಿ ಬಾಗಿಲ ಕಡೆಗೇ ಬಂದರು.

"ನಿನ್ನೆ ಮಧ್ಯಾಹ್ನವಷ್ಟೇ ಬಂತಮ್ಮ" ಎಂದು ಕಂದು ಲಕೋಟೆ ಚಾಚಿದರು. ಮೆಲ್ಲಗೆ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ. "ಮೇಷ್ಟ್ರು ಅಷ್ಟು ಒದ್ದಾಡಿದ್ರಲ್ಲ, ಆ ತಿದ್ದುಪಡಿ ಆಯ್ತು. ಬಂದ ತಕ್ಷಣ ಸೊಸೆ ಕೈಗೇ ಕೊಡಿ, ಬೇರೆ ಯಾರಿಗೂ ಬೇಡ ಅಂದಿದ್ರು. ನೋಡೋಕೆ ಅವರೇ ಇಲ್ಲ."

"ಏನು ತಿದ್ದುಪಡಿ?" ರೇಡಿಯೋ ಚಿಕ್ಕಮ್ಮ ಟೀ ತಟ್ಟೆಯ ಸಮೇತ ಅಲ್ಲೇ ಹಾಜರಾಗಿದ್ದರು.

ಏಜೆಂಟರು ಬಾಯಿ ತೆರೆದರು. ಅವಳೇ ಮುಂದಾದಳು.

"ತೂಕ. ಮಾವನ ತೂಕ ತಪ್ಪು ಬಿದ್ದಿತ್ತು ಅರ್ಜೀಲಿ."

ಏಜೆಂಟರು ಬಾಯಿ ಮುಚ್ಚಿಕೊಂಡರು. ಚಿಕ್ಕಮ್ಮನ ಕಣ್ಣು ಅರಳಿತು.

"ಕೇಳಿದ್ರಾ! ಊರಿನ ತೂಕವೆಲ್ಲ ಸರಿ ಮಾಡಿದ ನಮ್ಮ ಭಾವನ ತೂಕವೇ ತಪ್ಪಂತೆ!"

ಮಾತು ಕುರ್ಚಿಗಳ ಸಾಲಿನಲ್ಲಿ ಹರಿದು ಹೋಯಿತು. ಜನ ಪ್ರೀತಿಯಿಂದ ನಕ್ಕರು. ಮಾತು ಅವಳ ಗಂಡನವರೆಗೂ ಹೋಯಿತು. ಅವನೊಬ್ಬ ನಗಲಿಲ್ಲ. ಅಪ್ಪನ ಕೈಯನ್ನು ಮೆಲ್ಲಗೆ ಕೆಳಗಿಟ್ಟು ಅವಳತ್ತ ನೋಡಿದ.

ಆಗ ನೆನಪಾಯಿತು ಅವಳಿಗೆ. ಪ್ರತಿ ತಿಂಗಳ ಒಂದನೇ ತಾರೀಕು ಮಾವ ದೊಡ್ಡ ತಕ್ಕಡಿಯ ಮೇಲೆ ಹತ್ತಿ ನಿಂತು ಮಗನನ್ನೇ ಕರೆದು ಮುಳ್ಳು ಓದಿಸುತ್ತಿದ್ದರು. ಲೋಕದಲ್ಲಿ ಹೇಳಬಹುದಾದ ಸುಳ್ಳುಗಳಲ್ಲಿ ಆ ಮನುಷ್ಯನ ಬಗ್ಗೆ ನಂಬಲಾಗದ ಒಂದೇ ಒಂದನ್ನು ಅವಳು ಆರಿಸಿ ಹೇಳಿದ್ದಳು.

ನಾಲಿಗೆಯ ಮೇಲೆ ತಾಮ್ರದ ನಾಣ್ಯ ಇಟ್ಟಂಥ ರುಚಿ ಬಂತು. ಫಿಟ್ಸ್ ಬರುವುದರ ಗುರುತು. ಲಕೋಟೆಯನ್ನು ಸೆರಗಿನಡಿ ಅವಚಿಕೊಂಡು ಅವಳು ಹಿಂದಿನ ಕೋಣೆಯ ಕಡೆ ನಡೆದಳು, ಓಡಬಾರದು ಓಡಬಾರದು ಎಂದುಕೊಳ್ಳುತ್ತ.

* * *

ಅದೇ ಕಾರ್ಖಾನೆ ಕೋಣೆಯಲ್ಲಿ, ಮೂರು ತಿಂಗಳ ಹಿಂದೆ, ಟೀ ತಂದವಳು ಬಿದ್ದಿದ್ದಳು. ಕಣ್ಣು ಬಿಟ್ಟಾಗ ತಲೆಯ ಕೆಳಗೆ ಮಾವನ ಕೆಲಸದ ಮೇಲಂಗಿ ಮಡಚಿ ಇಟ್ಟಿತ್ತು. ಮೈ ಒಂದು ಮಗ್ಗುಲಾಗಿತ್ತು. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಮಾವ ಪಕ್ಕದಲ್ಲಿ ನೆಲದ ಮೇಲೇ ಕೂತು ಕೈಗಡಿಯಾರ ನೋಡುತ್ತಿದ್ದರು.

"ಎರಡು ನಿಮಿಷ ಹತ್ತು ಸೆಕೆಂಡು" ಎಂದರು. "ಡಾಕ್ಟರಿಗೆ ಹೇಳೋಕೆ ಬೇಕಾಗತ್ತೆ."

ಅವಳು ಅತ್ತಳು. ಹೇಳಬೇಕಾದ್ದನ್ನೆಲ್ಲ ಹೇಳಿದಳು. ಅವರು ಚೆಲ್ಲಿದ ಟೀಯನ್ನು ಬಟ್ಟೆಯಿಂದ ಒರೆಸುತ್ತ ಕೇಳಿಸಿಕೊಂಡರು. ಬೈಯಲಿಲ್ಲ. ಕೊನೆಗೆ ಕೇಳಿದ್ದು ಒಂದೇ:

"ಪ್ರಶ್ನೆ ಒಂಬತ್ತಕ್ಕೆ ಇಲ್ಲ ಅಂದೆ, ಅಲ್ವಾ?"

ಗೋಡೆಯ ಮೊಳೆಯಲ್ಲಿ ಅವರ ಉದ್ದನೆಯ ಪುಸ್ತಕ ತೂಗುತ್ತಿತ್ತು. ಪ್ರತಿ ಪುಟದಲ್ಲೂ ಎರಡೇ ಕಾಲಮ್ಮು: ಸಿಕ್ಕಾಗ, ಬಿಟ್ಟಾಗ. ತಕ್ಕಡಿ ಕೈಗೆ ಸಿಕ್ಕಾಗ ಎಷ್ಟು ತಪ್ಪಿತ್ತು ಎಂದು ಮೊದಲು ಬರೆಯಬೇಕು. ಆಮೇಲೆಯೇ ಸೀಸದ ಮುದ್ರೆ ಒಡೆದು ಕೈಹಾಕುವುದು. ಸರಿಮಾಡಿ ಬಿಟ್ಟಾಗ ಎಷ್ಟು ತೋರಿಸಿತು ಎನ್ನುವುದು ಎರಡನೆಯದು. ಮೊದಲನೆಯದನ್ನು ಬರೆಯದೆ ಎರಡನೆಯದನ್ನು ಬರೆಯುವವನು ರಿಪೇರಿಯವನಲ್ಲ, ಕಳ್ಳ ಎನ್ನುತ್ತಿದ್ದರು ಅವರು.

"ಅರ್ಜಿ ತಿದ್ದಿಸಬೇಕು" ಎಂದರು. "ನಾಳೆ ಎಲ್ಲೋ ರಸ್ತೇಲಿ ಬಿದ್ದು ಆಸ್ಪತ್ರೆ ಸೇರಿದ್ರೆ, ಮುಚ್ಚಿಟ್ಟಿದ್ರಿ ಅಂತ ಒಂದು ಪೈಸೆ ಕೊಡಲ್ಲ ಅವರು."

"ಮನೇಲಿ ಗೊತ್ತಾಗತ್ತೆ ಮಾವ."

"ಮನೆಗೆ ನಿನ್ನ ಬಾಯಿಂದ ಗೊತ್ತಾಗಲಿ, ಯಾವತ್ತು ಧೈರ್ಯ ಬರತ್ತೋ ಅವತ್ತು. ನಾನು ಹೇಳಲ್ಲ. ಆದ್ರೆ ಕಾಗದ ತಪ್ಪಿರೋಕೆ ಬಿಡಲ್ಲ." ಸ್ವಲ್ಪ ಹೊತ್ತು ಬಟ್ಟೆ ಹಿಂಡುತ್ತ ಕೂತಿದ್ದು, "ನಾನೂ ದಡ್ಡ. ಎಲ್ಲರೆದುರಿಗೆ ಓದಿ ಓದಿ ಕೇಳಿದೆ. ಶಟರ್ ಎಳೀದೆ ತಕ್ಕಡಿ ಮುಟ್ಟಿದ ಹಾಗಾಯ್ತು" ಎಂದರು.

ಏಜೆಂಟರನ್ನು ಆ ಕೋಣೆಗೇ ಕರೆಸಿದರು. ಅವರು ತಲೆ ಕೆರೆದುಕೊಂಡರು. "ಮರೆತು ಬಿಟ್ಟುಹೋಯ್ತು ಅಂದ್ರೆ ತಿದ್ದುತಾರೆ ಮೇಷ್ಟ್ರೇ, ಸ್ವಲ್ಪ ಕಂತು ಜಾಸ್ತಿ ಮಾಡಿ. ಬೇಕು ಅಂತಲೇ ಮುಚ್ಚಿಟ್ಟಿದ್ದು ಅಂತ ಅನುಮಾನ ಬಂದ್ರೆ ಇಡೀ ಮನೆ ಪಾಲಿಸೀನೇ ರದ್ದು. ಅಮ್ಮೋರ ಕಣ್ಣಿನ ಆಪರೇಷನ್ನೂ ಹೋಯ್ತು. ತಪ್ಪು ಹೇಗಾಯ್ತು ಅಂತ ಒಂದು ಹೇಳಿಕೆ ಬರೆದುಕೊಡಬೇಕು. ಯೋಚನೆ ಮಾಡಿ ಬರೀರಿ."

"ಇದ್ದದ್ದು ಇದ್ದ ಹಾಗೆ ಬರೀತೀನಿ" ಎಂದಿದ್ದರು ಮಾವ.

ಅಂದಿನಿಂದ ಗೇಟಿನ ಸದ್ದಾದರೆ ಸಾಕು, ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಗೆ ಬರುತ್ತಿದ್ದಳು. ಇದ್ದದ್ದು ಇದ್ದ ಹಾಗೆ ಎಂದರೆ: ಸೊಸೆ ಬೇಕೆಂದೇ ಸುಳ್ಳು ಹೇಳಿದಳು. ಪಾಲಿಸಿ ರದ್ದಾಗುತ್ತದೆ. ಯಾಕೆ ರದ್ದಾಯಿತೆಂದು ಅತ್ತೆ ಕೇಳುತ್ತಾರೆ, ಪೊರೆ ಬಂದ ಆ ಕಣ್ಣುಗಳಿಂದ ಅವಳನ್ನು ಹುಡುಕುತ್ತ.

* * *

ಅವಳು ಮಾವನ ಕುರ್ಚಿಯಲ್ಲಿ ಕೂತು, ತಲೆಯನ್ನು ಮೊಣಕಾಲಿಗೆ ಬಗ್ಗಿಸಿ, ಡಾಕ್ಟರು ಹೇಳಿಕೊಟ್ಟಂತೆ ಉಸಿರೆಣಿಸಿದಳು. ಹೆಬ್ಬೆರಳು ಎರಡು ಸಲ ಅದುರಿತು. ಮೂರನೆಯ ಸಲಕ್ಕೆ ಕಾದಳು. ಬರಲಿಲ್ಲ. ಬಾಯಿಂದ ತಾಮ್ರದ ರುಚಿ ನಿಧಾನಕ್ಕೆ ಇಳಿಯಿತು. ಹಜಾರದಲ್ಲಿ ಯಾರೋ ಹೊಸಬರು ಬಂದು ಜೋರಾಗಿ ಅತ್ತರು.

ಲಕೋಟೆ ಒಡೆದಳು. ಒಳಗೆ ಎರಡು ಹಾಳೆ.

ಮೊದಲನೆಯದು ಕಂಪನಿಯದು, ಅಚ್ಚಿನದು. ಪ್ರಶ್ನೆ ಒಂಬತ್ತರ ಉತ್ತರ, ಸೊಸೆಗೆ ಸಂಬಂಧಿಸಿದಂತೆ, "ಹೌದು" ಎಂದು ತಿದ್ದಲಾಗಿದೆ. ಪಾಲಿಸಿ ಮುಂದುವರಿಯುತ್ತದೆ. ಅವಳು ಎರಡು ಸಲ ಓದಿದಳು. ಮುಂದುವರಿಯುತ್ತದೆ.

ಎರಡನೆಯದು ಮಾವನ ಹೇಳಿಕೆಯ ಮೂಲಪ್ರತಿ, ನಕಲು ಇಟ್ಟುಕೊಂಡು ಹಿಂತಿರುಗಿಸಿದ್ದರು. ದುಂಡನೆಯ ಅಕ್ಷರ. ನಡುವೆ ಉದ್ದಗೆರೆ ಎಳೆದು ಎರಡು ಕಾಲಮ್ಮು ಮಾಡಿದ್ದರು. ಸಿಕ್ಕಾಗ: ಇಲ್ಲ. ಬಿಟ್ಟಾಗ: ಹೌದು. ಅದರ ಕೆಳಗೆ, ತಪ್ಪು ಹೇಗಾಯಿತು ಎನ್ನುವ ಕಡೆ:

"ಸೊಸೆಯು ತನ್ನ ಕಾಯಿಲೆಯ ವಿಷಯವನ್ನು ಅರ್ಜಿ ತುಂಬುವ ಮೊದಲೇ ನನಗೆ ತಿಳಿಸಿದ್ದಳು. ಬರೆಯುವಾಗ ನಾನು ಮರೆತು 'ಇಲ್ಲ' ಎಂದು ಬರೆದೆನು. ತಪ್ಪು ಸಂಪೂರ್ಣ ನನ್ನದು."

ಕೆಳಗೆ ರುಜು. ತಾರೀಕು. 'ಮರೆತು' ಎಂಬ ಪದದ ಮೊದಲ ಅಕ್ಷರದ ಮೇಲೆ ಒಂದು ಶಾಯಿಯ ಚುಕ್ಕೆ ದಪ್ಪಗೆ ಹರಡಿತ್ತು. ಪೆನ್ನು ಅಲ್ಲಿ ಬಹಳ ಹೊತ್ತು ನಿಂತಿತ್ತು.

ಹೊರಗೆ ಹೆಜ್ಜೆಯ ಸದ್ದಾಯಿತು. ಅವಳು ಎರಡನೆಯ ಹಾಳೆಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದುಕೊಳ್ಳುವಷ್ಟರಲ್ಲಿ ಗಂಡ ಬಾಗಿಲಲ್ಲಿದ್ದ.

"ಅಪ್ಪನ ತೂಕ ತಪ್ಪಾಗಿತ್ತಾ?"

ಅವಳು ಮುಷ್ಟಿಯನ್ನು ಸೆರಗಿನಡಿ ಸರಿಸಿದಳು.

"ಅರವತ್ತೊಂದು ಕಿಲೋ ನಾನೂರು ಗ್ರಾಂ. ನಾನೇ ಓದಿ ಹೇಳಿದ್ದು. ಅಪ್ಪ ಅದನ್ನ ತಪ್ಪು ಬರೀತಾರಾ? ಬೇರೆ ಯಾರಾದ್ರೂ ತಪ್ಪು ಬರೀಬಹುದು. ಅಪ್ಪಾನಾ?" ಅವನ ದನಿ ಒಡೆಯಿತು. "ಅಲ್ಲಿ ಎಲ್ಲರೂ ನಗ್ತಿದಾರೆ. ಏನಿದೆ ಅದರಲ್ಲಿ, ಕೊಡು."

ಮೂರು ವರ್ಷದಿಂದ ಅವಳು ನೋಡುತ್ತಿದ್ದ ಹೊತ್ತು ಇದಂತೂ ಆಗಿರಲಿಲ್ಲ. ಇದಕ್ಕಿಂತ ಕೆಟ್ಟ ಹೊತ್ತು ಇರಲು ಸಾಧ್ಯವಿರಲಿಲ್ಲ. ಎದ್ದು ಹೋಗಿ, ಅವನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದಳು.

"ತೂಕ ಅಲ್ಲ ರೀ. ಸುಳ್ಳು ಹೇಳಿದೆ. ನನಗೆ ಫಿಟ್ಸ್ ಇದೆ. ಹನ್ನೊಂದು ವರ್ಷದವಳಿದ್ದಾಗಿನಿಂದ." ಮಾತು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಭಯವಾಯಿತು. ಅಚ್ಚಿನ ಹಾಳೆಯನ್ನು ಅವನ ಕೈಗಿಟ್ಟಳು. "ದಿನಾ ಮಾತ್ರೆ ತಗೋತೀನಿ. ಗುಂಡಿ ಡಬ್ಬೀಲಿ ಇಟ್ಟಿದೀನಿ."

ಅವನು ಓದಿದ. ಮತ್ತೆ ಮೊದಲಿನಿಂದ ಓದಿದ.

"ಅಪ್ಪನಿಗೆ ಹೇಳಿದೆ. ನನಗೆ ಹೇಳಲಿಲ್ಲ."

"ಅವರಿಗೂ ಹೇಳಲಿಲ್ಲ. ಇಲ್ಲೇ ಬಿದ್ದೆ."

ಅವನ ಕಣ್ಣು ನೆಲದ ಮೇಲೆ ಓಡಾಡಿತು, ಅವಳು ಬಿದ್ದ ಜಾಗ ಯಾವುದೆಂದು ಹುಡುಕುವಂತೆ. ಆಮೇಲೆ, ಬೇರೆ ಯಾವುದಕ್ಕಿಂತ ಇದೇ ಮುಖ್ಯವೆಂಬಂತೆ ಕೇಳಿದ:

"ಮೊದಲು 'ಇಲ್ಲ' ಅಂತ ಯಾರು ಬರೆದದ್ದು? ಗೊತ್ತಿದ್ದೂ ಅಪ್ಪ ಬರೆದ್ರಾ?"

ಮುಷ್ಟಿಯೊಳಗಿನ ಹಾಳೆ ಬೆವರಿಗೆ ಮೆತ್ತಗಾಗುತ್ತಿತ್ತು. ಅದನ್ನು ಚಾಚಿದರೆ ಸಾಕಿತ್ತು. ತಪ್ಪು ಸಂಪೂರ್ಣ ಅವರದೇ, ಅವರದೇ ಕೈಯಲ್ಲಿ, ರುಜುವಿನ ಸಮೇತ.

"ಇಲ್ಲ. ನಾನು 'ಇಲ್ಲ' ಅಂದೆ, ಅವರು ಬರ್ಕೊಂಡ್ರು. ನೀವೂ ಅಲ್ಲೇ ಕೂತಿದ್ರಿ. ತಪ್ಪು ನಂದು. ಅವರು ತಿದ್ದಿಸಿದ್ದು ಮಾತ್ರ."

ಅವನು ಉಸಿರು ಬಿಟ್ಟ. ಸದ್ಯ ಎಂದನೋ ಏನೋ, ಸರಿಯಾಗಿ ಕೇಳಿಸಲಿಲ್ಲ. ಅವಳ ಕಡೆ ನೋಡದೆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ.

"ಗಾಡಿ ಹೋಗಲಿ. ಆಮೇಲೆ ಮಾತಾಡೋಣ." ಚಿಲಕ ತೆಗೆದವನು ನಿಂತ. ತಿರುಗಿ ಬಂದು ಮಾವನ ಕುರ್ಚಿಯನ್ನು ಅವಳ ಕಾಲ ಹತ್ತಿರಕ್ಕೆ ಎಳೆದಿಟ್ಟ. "ನಿಂತಿರಬೇಡ. ಕೂತ್ಕೋ" ಎಂದು ಹೊರಟುಹೋದ. ಅವಳು ಕೂತಳು.

ದನಿಯಲ್ಲಿ ಕೋಪವಿತ್ತೋ ಇನ್ನೇನಿತ್ತೋ ಅವಳಿಗೆ ಗೊತ್ತಾಗಲಿಲ್ಲ. ರಾತ್ರಿ ಗೊತ್ತಾಗುತ್ತದೆ. ಅಥವಾ ನಾಳೆ. ಹೆದರಿಕೆ ಹೋಗಿರಲಿಲ್ಲ, ಜಾಗ ಬದಲಿಸಿತ್ತು ಅಷ್ಟೇ.

ಮೇಜಿನ ಮೇಲೆ, ನಿನ್ನೆ ಅವರು ಸರಿಮಾಡುತ್ತಿದ್ದ ಪುಟ್ಟ ತಕ್ಕಡಿ ಹಾಗೇ ಇತ್ತು. ಎದುರಿಗೆ ತೂಕದ ಬೊಟ್ಟುಗಳ ಪೆಟ್ಟಿಗೆ. ನೀಲಿ ಮಖಮಲ್ಲಿನ ಗುಳಿಗಳಲ್ಲಿ ದೊಡ್ಡದರಿಂದ ಚಿಕ್ಕದರವರೆಗೆ ಹಿತ್ತಾಳೆಯ ಬೊಟ್ಟುಗಳು. ಅವಳು ಮುಷ್ಟಿ ಬಿಚ್ಚಿ, ಹಾಳೆಯ ಸುಕ್ಕು ತೀಡಿ, ಚೌಕವಾಗಿ ಮಡಚಿ ಒಂದು ತಟ್ಟೆಯ ಮೇಲಿಟ್ಟಳು. ತಟ್ಟೆ ತಕ್ಷಣ ಕೆಳಗಿಳಿಯಿತು. ಇನ್ನೊಂದು ತಟ್ಟೆಗೆ ಎರಡು ಗ್ರಾಮಿನದನ್ನು ಹಾಕಿದಳು. ಸಾಲಲಿಲ್ಲ. ತೆಗೆದು ಐದು ಗ್ರಾಮಿನದನ್ನು ಹಾಕಿದಳು. ಮುಳ್ಳು ಆ ಕಡೆ ಈ ಕಡೆ ತೂಗಿತು, ಹಿಂಜರಿಯಿತು.

"ಎಲ್ಲಿ ಹೋದಳೇ ಅವಳು? ಗಾಡಿ ಬೇಗ ಬರತ್ತಂತೆ!" ರೇಡಿಯೋ ಚಿಕ್ಕಮ್ಮನ ದನಿ ಹಜಾರದಿಂದ. "ತೂಕ ತಪ್ಪು ಬರೆದೋರನ್ನ ಕಳಿಸಿಕೊಡೋಕೆ ಬಾರೇ!"

ಮತ್ತೆ ಯಾರೋ ನಕ್ಕರು. ಅದರ ಮೇಲೆ ಚಿನ್ನದಂಗಡಿಯವರ ದಪ್ಪ ದನಿ: "ತಮಾಷೆ ಸಾಕಮ್ಮ. ಒಂದು ಸುಳ್ಳು ಅಂಕಿ ಬರೆದ ಕೈಯಲ್ಲ ಅದು."

ಅಂಕಿ ಅಲ್ಲ, ಒಂದು ಪದ, ಎಂದುಕೊಂಡಳು ಅವಳು. ಗಂಡನಿಗೂ ಹೇಳುವುದಿಲ್ಲ, ಅತ್ತೆಗೂ ಹೇಳುವುದಿಲ್ಲ, ಯಾವ ರಾತ್ರಿ ಏನೇ ಮಾತು ಬಂದರೂ ಇದೊಂದನ್ನು ಯಾರಿಗೂ ಹೇಳುವುದಿಲ್ಲ.

ಮಖಮಲ್ಲಿನ ಒಂದು ಅಂಚನ್ನು ಉಗುರಿನಿಂದ ಎಬ್ಬಿಸಿ, ಹಾಳೆಯನ್ನು ಅದರಡಿಗೆ ತಳ್ಳಿ, ಬೊಟ್ಟುಗಳನ್ನು ಅವುಗಳ ಗುಳಿಯಲ್ಲಿ ಕೂರಿಸಿದಳು. ಮುಚ್ಚಳ ಹಾಕಿದಳು. ಕೊಂಡಿ ಟಪ್ ಎಂದಿತು. ಖಾಲಿ ತಟ್ಟೆಗಳ ನಡುವೆ ಮುಳ್ಳು ಇನ್ನೂ ಅದುರುತ್ತಿತ್ತು. ಅದು ನಡುಗೆರೆಯ ಮೇಲೆ ಬಂದು ನಿಲ್ಲುವವರೆಗೂ ಕಾದು, ಅವಳು ಎದ್ದಳು.